ಎಸ್.ಪಿ. ರೋಡಿನಲ್ಲಿ ಬಿಟ್ಟು ಬಂದ ಕಂಪ್ಯೂಟರ್

ಎಸ್.ಪಿ. ರೋಡು ಅಂದ್ರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ರ‍್ಯಾಮು, ಎಸ್‌ಎಸ್‌ಡಿ, ಡೂಪ್ಲಿಕೇಟ್ ಚಾರ್ಜರು, ಅಷ್ಟೇ. ಮುಖ್ಯ ರಸ್ತೆ ಬಿಟ್ಟು ಒಳಗಿನ ಗಲ್ಲಿಗಳಿಗೆ ಹೊಕ್ಕರೆ ಅಲ್ಲಿ ಇನ್ನೊಂದು ಎಸ್.ಪಿ. ರೋಡಿದೆ. ಆಫೀಸು, ಕಾಲೇಜು, ಬ್ಯಾಂಕುಗಳು ಹರಾಜು ಹಾಕಿದ ಮಾಲು ಬಂದು ಬೀಳುವ ಜಾಗ ಅದು. ಅಲ್ಲಿ ಯಾವುದಕ್ಕೂ ಹೆಸರಿಲ್ಲ, ತೂಕ ಮಾತ್ರ ಇದೆ. ಪ್ಲಾಸ್ಟಿಕ್ಕಿಗೆ ಒಂದು ರೇಟು, ತಾಮ್ರಕ್ಕೆ ಒಂದು, ಹಸಿರು ಬೋರ್ಡಿಗೆ ಒಂದು.

2018ರ ಒಂದು ಶನಿವಾರ ಮಧ್ಯಾಹ್ನ ನಾನು ಅಲ್ಲಿ ಹಳೇ ಪ್ರಿಂಟರ್ ಕೇಬಲ್ ಹುಡುಕುತ್ತಿದ್ದೆ. ಒಂದು ಗುಜರಿ ಅಂಗಡಿಯ ಮೂಲೆಯಲ್ಲಿ, ಸಿಆರ್‌ಟಿ ಮಾನಿಟರುಗಳ ಕೆಳಗೆ, ದಪ್ಪನೆಯ ಎರಡು ಕೀಬೋರ್ಡುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆನೆ ಬಣ್ಣದ ಡಬ್ಬ, ಕಪ್ಪು ಕೀಗಳು. ಮೇಲಿನದ್ದರಲ್ಲಿ ತುದಿಯ ಸಾಲಿನ ಹತ್ತು ಕೀಗಳು ಇಟ್ಟಿಗೆ ಕೆಂಪು. ಕೆಳಗಿನದ್ದರಲ್ಲಿ ಅದೇ ಹತ್ತು ಕೀಗಳು ನೀಲಿ.

"ಕೀಬೋರ್ಡು ಸಾರ್, ಹಳೇ ಕಾಲದ್ದು. ಒಳಗೆ ಬೋರ್ಡ್ ಐತೆ, ಅದಕ್ಕೇ ಭಾರ" ಅಂದರು ಅಂಗಡಿಯವರು. ತಕ್ಕಡಿಗೆ ಇಟ್ಟರು. ಮೂರೂಮುಕ್ಕಾಲು ಕೆಜಿ. ಐನೂರು ರೂಪಾಯಿಗೆ ವ್ಯಾಪಾರ ಮುಗಿಯಿತು. "ಇನ್ನೊಂದೂ ತಗೊಳ್ಳಿ, ಸೇರಿಸಿ ಒಂಬೈನೂರು ಕೊಡಿ" ಅಂದರು. ಅದರ ಡಬ್ಬ ಒಂದು ಕಡೆ ಒಡೆದಿತ್ತು, ನಾಲ್ಕೈದು ಕೀಗಳೂ ಇರಲಿಲ್ಲ. ಯಾರೋ ಬೇರೆ ಕೀಬೋರ್ಡಿನಿಂದ ನೀಲಿ ಕೀ ಕಿತ್ತು ಇದಕ್ಕೆ ಸಿಕ್ಕಿಸಿದ್ದಾರೆ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್ ತನಕ ಎರಡನ್ನೂ ಹೊತ್ತುಕೊಂಡು ಹೋಗೋದು ಯಾರು? ಬೇಡ ಅಂದೆ.

ಮನೆಗೆ ತಂದು ಒರೆಸಿ ಮೇಜಿನ ಮೇಲಿಟ್ಟೆ. ಹೆಸರಿನ ಪಟ್ಟಿ ಕಿತ್ತುಹೋಗಿತ್ತು, ಹಿಂದಿನ ಲೇಬಲ್ ಹರಿದಿತ್ತು. ಇಂಥ ಅನಾಥ ಯಂತ್ರ ಸಿಕ್ಕಾಗ ಮೊದಲು ಸ್ಕ್ರೂಡ್ರೈವರ್ ಹಿಡಿಯಬಾರದು, ಸುಮ್ಮನೆ ನೋಡಬೇಕು. ಕೀಬೋರ್ಡಿನಲ್ಲಿ ಒಂದು ಕಡೆ ಪೌಂಡ್ ಚಿಹ್ನೆ ಇತ್ತು. ಅಲ್ಲಿಗೆ ಇದು ಅಮೆರಿಕದ್ದಲ್ಲ. 'ಬ್ರೇಕ್' ಅನ್ನುವ ಕೀ, 'ಕಾಪಿ' ಅನ್ನುವ ಕೀ. ಕ್ಯಾಸೆಟ್ ಮೋಟರ್ ಅಂತ ಬರೆದ ಪುಟಾಣಿ ಕೆಂಪು ದೀಪ. ಹಾಗಾದರೆ ಪ್ರೋಗ್ರಾಂ ಉಳಿಸಲು ಟೇಪ್ ರೆಕಾರ್ಡರ್ ಬಳಸುತ್ತಿದ್ದ ಕಾಲದ್ದು. ತಿರುಗಿಸಿ ನೋಡಿದರೆ ಹೊಟ್ಟೆಯ ಕೆಳಗೆ ಮುಂಭಾಗದಲ್ಲಿ ಸಾಲಾಗಿ ಕನೆಕ್ಟರುಗಳು: ಡಿಸ್ಕ್, ಪ್ರಿಂಟರ್, ಯೂಸರ್ ಪೋರ್ಟ್, ಕೊನೆಯಲ್ಲಿ 40 ಪಿನ್ನಿನ ಒಂದಕ್ಕೆ 'ಟ್ಯೂಬ್' ಅನ್ನುವ ವಿಚಿತ್ರ ಹೆಸರು. ಕಂಪ್ಯೂಟರಿನ ಅಡಿಯಲ್ಲಿ ಇಷ್ಟು ಕನೆಕ್ಟರ್ ಇಡುವ ಅಭ್ಯಾಸ ಬೇರೆ ಯಾರಿಗೂ ಇದ್ದಂತೆ ನಾನು ಕಂಡಿಲ್ಲ. ಅದೊಂದನ್ನೇ ನೋಡಿ ತಿಳಿದವರು ಹೆಸರು ಹೇಳಿಬಿಡುತ್ತಾರೆ. ನನಗೆ ಆಗ ತಿಳಿದಿರಲಿಲ್ಲ. ಅಡಿಯಲ್ಲೇ ಬಿಳಿ ಪೇಂಟಿನಲ್ಲಿ ಕೈಯಿಂದ ಬರೆದದ್ದೂ ಇತ್ತು: 'ಸ.ಪ.ಪೂ.ಕಾ.', ಒಂದು ಊರಿನ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ 3.

ಆಮೇಲೆ ಸ್ಕ್ರೂ. ನಾಲ್ಕು ಸ್ಕ್ರೂಗಳ ಪಕ್ಕದಲ್ಲಿ 'ಫಿಕ್ಸ್' ಅಂತ ಡಬ್ಬದ ಮೇಲೇ ಅಚ್ಚಾಗಿದೆ. ಬಿಚ್ಚುವವನು ಹುಡುಕಾಡಬಾರದು ಅಂತ ತಯಾರಿಸಿದವರೇ ಯೋಚಿಸಿದ್ದಾರೆ. ಇವತ್ತಿನ ಫೋನ್ ಬಿಚ್ಚಲು ಹೇರ್ ಡ್ರೈಯರ್ ಹಿಡಿಯುವ ನಮಗೆ ಇದು ಯಾವುದೋ ರಾಮರಾಜ್ಯದ ಕಥೆ.

ಒಳಗೆ ಮುಚ್ಚಳದಷ್ಟೇ ಅಗಲದ ಬೋರ್ಡು, ನೂರರ ಹತ್ತಿರ ಚಿಪ್ಪುಗಳು. ಇಲ್ಲಿ ಒಂದು ಮಾತು. ಹಳೇ ಚಿಪ್ಪುಗಳ ಬೆನ್ನ ಮೇಲೆ ಸಾಮಾನ್ಯವಾಗಿ ಎರಡು ಸಾಲು ಇರುತ್ತದೆ. ಒಂದು ಅದರ ಹೆಸರು, ಇನ್ನೊಂದು ಅದು ಹುಟ್ಟಿದ ವಾರ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವರ್ಷ, ಕೊನೆಯೆರಡು ವಾರ. 8346 ಅಂದರೆ 1983ರ 46ನೇ ವಾರ. ಹೊಸಬರೆಲ್ಲ ಒಮ್ಮೆ ಬೀಳುವ ಗುಂಡಿ ಯಾವುದಪ್ಪಾ ಅಂದ್ರೆ, 7414, 7438 ಅಂತೆಲ್ಲ ಸಾಮಾನ್ಯ ಲಾಜಿಕ್ ಚಿಪ್ಪುಗಳ ಹೆಸರೇ ಇವೆ. ಅದನ್ನು ತಾರೀಕು ಅಂತ ಓದಿ 1974ರ ಕಂಪ್ಯೂಟರ್ ಸಿಕ್ಕಿತು ಅಂತ ಕುಣಿಯುತ್ತಾರೆ. ನಾನೂ ಹಿಂದೊಮ್ಮೆ ಕುಣಿದಿದ್ದೇನೆ, ಗೆಳೆಯರಿಗೆ ಪಾರ್ಟಿ ಕೊಡಿಸಿದ ಮೇಲೆ ಗೊತ್ತಾಯಿತು. ಇನ್ನೊಂದು ನಿಯಮ: ಬೋರ್ಡಿನ ಅತಿ ಹಳೆಯ ಚಿಪ್ ನೋಡಬೇಡಿ, ಅತಿ ಹೊಸದನ್ನು ಹುಡುಕಿ. ಅದು ಹುಟ್ಟುವ ಮುಂಚೆ ಯಂತ್ರ ಹುಟ್ಟಿರಲು ಸಾಧ್ಯವಿಲ್ಲ. ಹಳೇ ಚಿಪ್ಪುಗಳೋ, ಗೋಡೌನಿನಲ್ಲಿ ವರ್ಷಗಟ್ಟಲೆ ಕೂತು ಬಂದಿರಬಹುದು. ನನ್ನ ಬೋರ್ಡಿನಲ್ಲಿ ಅತಿ ಹೊಸದು 8446. ಅಂದರೆ ನವೆಂಬರ್ 1984.

ಪ್ರೊಸೆಸರ್ 6502. ಆ್ಯಪಲ್ 2ರಲ್ಲಿದ್ದದ್ದೂ ಅದೇ. ಹಾಗಾಗಿ ಎರಡು ದಿನ ನಾನು ಇದನ್ನು ಯಾವುದೋ ಆ್ಯಪಲ್ ನಕಲು ಅಂತಲೇ ನಂಬಿದ್ದೆ. ನಂಬಿಕೆ ಕೆಡಿಸಿದ್ದು ಎಸ್‌ಎಎ 5050 ಅನ್ನುವ ಚಿಪ್. ಅದು ಕಂಪ್ಯೂಟರಿಗಾಗಿ ಮಾಡಿದ್ದೇ ಅಲ್ಲ. ಬ್ರಿಟನ್ನಿನ ಟಿವಿಗಳಲ್ಲಿ ಟೆಲಿಟೆಕ್ಸ್ಟ್ ಅಂತ ಒಂದು ಸೇವೆಯಿತ್ತು, ಟಿವಿ ಸಿಗ್ನಲ್ಲಿನ ಜೊತೆಗೇ ಸುದ್ದಿ, ಹವಾಮಾನ, ಸ್ಕೋರು ಅಕ್ಷರ ರೂಪದಲ್ಲಿ ಬರುತ್ತಿತ್ತು. ಆ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವ ಚಿಪ್ ಇದು. ಕಂಪ್ಯೂಟರಿನೊಳಗೆ ಟಿವಿಯವರ ಚಿಪ್ ಯಾಕೆ? ಪೌಂಡ್ ಚಿಹ್ನೆ, 6502, ಟೆಲಿಟೆಕ್ಸ್ಟ್, ಹೊಟ್ಟೆಯಡಿಯ ಕನೆಕ್ಟರುಗಳು. ನಾಲ್ಕೂ ಒಟ್ಟಿಗೆ ಸೇರುವುದು ಒಂದೇ ಕಡೆ: ಬಿಬಿಸಿ ಮೈಕ್ರೋ.

ಹೌದು, ಅದೇ ಬಿಬಿಸಿ. 1980ರ ಸುಮಾರಿಗೆ ಅವರಿಗೆ ದೇಶದ ಜನಕ್ಕೆ ಕಂಪ್ಯೂಟರ್ ಕಲಿಸುವ ಟಿವಿ ಸರಣಿ ಮಾಡಬೇಕು ಅನ್ನಿಸಿತು. ಕಾರ್ಯಕ್ರಮ ನೋಡಿದವನು ಮನೆಯಲ್ಲಿ ಅದನ್ನೇ ಮಾಡಿ ನೋಡಬೇಕಲ್ಲ? ಅದಕ್ಕೆ ಬಿಬಿಸಿ ಹೆಸರಿನದೇ ಒಂದು ಯಂತ್ರ ಬೇಕಿತ್ತು. ಕೇಂಬ್ರಿಜ್‌ನಲ್ಲಿ ಏಕಾರ್ನ್ ಅಂತ ಸಣ್ಣ ಕಂಪನಿ. ಬಿಬಿಸಿಯವರು ನೋಡಲು ಬರುತ್ತೇವೆ ಅಂದಾಗ ಅವರ ಬಳಿ ತೋರಿಸಲು ನಡೆಯುವ ಯಂತ್ರವೇ ಇರಲಿಲ್ಲ, ಇದ್ದದ್ದು ಒಂದು ವಾರ ಅಷ್ಟೇ. ಕಂಪನಿಯ ಹರ್ಮನ್ ಹೌಸರ್ ಮಾಡಿದ ಕಿತಾಪತಿ ಪ್ರಸಿದ್ಧ. ಸ್ಟೀವ್ ಫರ್ಬರ್‌ಗೆ ಫೋನ್ ಮಾಡಿ 'ವಾರದಲ್ಲಿ ಆಗುತ್ತೆ ಅಂತ ಸೋಫಿ ಹೇಳಿದಾಳೆ' ಅಂದ, ಸೋಫಿ ವಿಲ್ಸನ್‌ಗೆ ಫೋನ್ ಮಾಡಿ 'ಆಗುತ್ತೆ ಅಂತ ಸ್ಟೀವ್ ಹೇಳಿದಾನೆ' ಅಂದ. ನಮ್ಮ ಆಫೀಸುಗಳಲ್ಲೂ ಈ ಉಪಾಯ ಚಾಲ್ತಿಯಲ್ಲಿದೆ, ಫಲಿತಾಂಶ ಮಾತ್ರ ಹೀಗಿರೋದಿಲ್ಲ. ಬಿಬಿಸಿಯವರು ಬರುವ ಹೊತ್ತಿಗೆ ಯಂತ್ರ ನಡೆಯುತ್ತಿತ್ತು. 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. 2 ಮೆಗಾಹರ್ಟ್ಸ್ ವೇಗ, ಮಾಡೆಲ್ ಬಿ ಆದರೆ 32 ಕಿಲೋಬೈಟ್ ಮೆಮೊರಿ. ಹನ್ನೆರಡು ಸಾವಿರ ಹೋದರೆ ಹೆಚ್ಚು ಅಂದುಕೊಂಡಿದ್ದರು, ಕೊನೆಗೆ ಹದಿನೈದು ಲಕ್ಷದ ಮೇಲೆ ಹೋಯಿತು.

ಇನ್ನು ಆ 'ಟ್ಯೂಬ್'. ಅದು ಎರಡನೇ ಪ್ರೊಸೆಸರ್ ಜೋಡಿಸುವ ಕಿಂಡಿ. ಏಕಾರ್ನ್ ತಾನೇ ಒಂದು ಹೊಸ ಪ್ರೊಸೆಸರ್ ಮಾಡಲು ಹೊರಟಿತು. ಸೋಫಿ ವಿಲ್ಸನ್ ಅದರ ಸೂಚನೆಗಳ ಪಟ್ಟಿ ರೂಪಿಸಿ ಬಿಬಿಸಿ ಬೇಸಿಕ್‌ನಲ್ಲೇ ಅನುಕರಿಸಿ ನೋಡಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಬಂದಾಗ ಅದನ್ನು ಚುಚ್ಚಿದ್ದು ಬಿಬಿಸಿ ಮೈಕ್ರೋದ ಇದೇ ಟ್ಯೂಬಿಗೆ. ಕರೆಂಟ್ ಎಷ್ಟು ಎಳೆಯುತ್ತದೆ ಅಂತ ಅಳೆಯಲು ಹೋದರೆ ಮೀಟರ್ ಸೊನ್ನೆ ತೋರಿಸಿತು. ಚಿಪ್ಪಿಗೆ ಪವರ್ ಲೈನೇ ಕೊಟ್ಟಿರಲಿಲ್ಲ! ಅಕ್ಕಪಕ್ಕದ ಸಿಗ್ನಲ್ ತಂತಿಗಳಿಂದ ಸೋರಿದ ಕರೆಂಟಿನಲ್ಲೇ ಅದು ಓಡುತ್ತಿತ್ತು. ಆ ಚಿಪ್ಪಿನ ಹೆಸರು ಏಕಾರ್ನ್ ರಿಸ್ಕ್ ಮಷೀನ್, ಅಂದರೆ ಆರ್ಮ್. ಇವತ್ತು ನಿಮ್ಮ ಫೋನಿನಲ್ಲಿರುವುದು ಅದರ ವಂಶಜ. ಅದೇ ಕಂಪನಿಯ ವಿನ್ಯಾಸ ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ. ಅಲ್ಲಿ ಕೆಲಸ ಮಾಡುವವರು ಎಸ್.ಪಿ. ರೋಡಿಗೆ ಹೋದರೆ ದಯವಿಟ್ಟು ಮೂಲೆಗಳಲ್ಲಿ ನೋಡಿ.

ಇಷ್ಟೆಲ್ಲ ಓದಿ ತಲೆ ತಿರುಗಿದ ಹುರುಪಿನಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಸೀದಾ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಒಂದು ಉದ್ದ, ಒಂದು ಗಿಡ್ಡ, ಹೀಗೆ ಎರಡು ಸ್ವರ ಹೊರಡಿಸಿ ಎದ್ದೇಳುತ್ತದೆ. ನನ್ನದು ಒಂದೇ ಸ್ವರದಲ್ಲಿ ಊಳಿಡುತ್ತಾ ಕೂತಿತು. ಟಿವಿಯ ಮೇಲೆ ಏನೂ ಇಲ್ಲ. ಮೂರು ನಿಮಿಷಕ್ಕೆ ಟಪ್ ಅಂತ ಶಬ್ದ, ಆಮೇಲೆ ಮೀನು ಸುಟ್ಟಂಥ ವಾಸನೆಯ ಹೊಗೆ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಪವರ್ ಸಪ್ಲೈಯಲ್ಲಿ ಮೇನ್ಸ್‌ಗೆ ಅಡ್ಡಲಾಗಿ ಕೂರುವ ಕಾಗದದ ಪದರಗಳ ಕೆಪಾಸಿಟರ್ ಒಂದಿರುತ್ತದೆ. ವಯಸ್ಸಾದಂತೆ ಕವಚ ಬಿರುಕು ಬಿಟ್ಟು ಅದು ತೇವ ಕುಡಿಯುತ್ತದೆ. ಕರೆಂಟ್ ಕೊಟ್ಟರೆ ಸಿಡಿಯುತ್ತದೆ. ಕೆಲವೇ ರೂಪಾಯಿಯ ಭಾಗ, ಮೊದಲೇ ಬದಲಾಯಿಸಬೇಕಿತ್ತು. ಈ ವಯಸ್ಸಿನ ಯಾವ ಯಂತ್ರ ಸಿಕ್ಕರೂ ಮೊದಲು ಪವರ್ ಸಪ್ಲೈ ಬಿಚ್ಚಿ ನೋಡಿ, ಆಮೇಲೆ ಸ್ವಿಚ್ಚು. ಬರೀ ಯಂತ್ರದ ಮಾತಲ್ಲ, ಜೀವದ ಪ್ರಶ್ನೆ.

ಕೆಪಾಸಿಟರ್ ಹಾಕಿದ ಮೇಲೂ ಊಳಿಡುವುದು ನಿಲ್ಲಲಿಲ್ಲ. ಆಪರೇಟಿಂಗ್ ಸಿಸ್ಟಮ್ ಇರುವ ರಾಮ್ ಚಿಪ್ — ರಾಂಡಮ್ ಅಲ್ಲ, ರೀಡ್ ಓನ್ಲಿ, ರೋಮ್ — ಕೆಟ್ಟಿರಬಹುದು ಅಂತ ಅದನ್ನು ಸಾಕೆಟ್ಟಿನಿಂದ ಎಬ್ಬಿಸಿ, ಲ್ಯಾಪ್‌ಟಾಪಿಗೆ ಜೋಡಿಸುವ ಅಗ್ಗದ ಪ್ರೋಗ್ರಾಮರಿನಲ್ಲಿ ಓದಿಸಿದೆ. 16 ಕಿಲೋಬೈಟ್ ಬಂತು, ಎಲ್ಲ ಸರಿಯಿತ್ತು. ಫೈಲಿನ ಕೊನೆಯ ಹತ್ತಿರ ಸುಮ್ಮನೆ ಕಣ್ಣಾಡಿಸಿದರೆ, ಯಂತ್ರಭಾಷೆಯ ಗೊಂದಲದ ನಡುವೆ ಇದ್ದಕ್ಕಿದ್ದಂತೆ ಅಚ್ಚ ಇಂಗ್ಲಿಷು! ಈ ಕಂಪ್ಯೂಟರ್ ಮಾಡಲು ನೆರವಾದವರಿಗೆಲ್ಲ ಕೃತಜ್ಞತೆ, ಆಮೇಲೆ ಅಕ್ಷರಾನುಕ್ರಮದಲ್ಲಿ ಹೆಸರುಗಳು. ಫರ್ಬರ್, ಹೌಸರ್, ವಿಲ್ಸನ್ ಇದ್ದಾರೆ. '6502ರ ವಿನ್ಯಾಸಕಾರರು' ಅಂತ ಒಂದು ಸಾಲು, ಕೇಂಬ್ರಿಜ್‌ನ ಒಂದು ರಸ್ತೆಯ ಹೆಸರು ಕೂಡ. ಮೂರನೆಯ ಹೆಸರು ರಾಮ್ ಬ್ಯಾನರ್ಜಿ. ನಾನು ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೆ ಓದಿದೆ.

ಮಜಾ ಏನೆಂದರೆ, ಯಂತ್ರ ನಡೆಯುವಾಗ ಈ ಪಟ್ಟಿ ಅದರ ಕಣ್ಣಿಗೇ ಬೀಳುವುದಿಲ್ಲ. ಆ 768 ಬೈಟುಗಳ ವಿಳಾಸಗಳನ್ನು ಕೀಬೋರ್ಡು, ಪ್ರಿಂಟರು ಮುಂತಾದ ಹೊರಗಿನ ಸಾಧನಗಳಿಗೆ ಕೊಟ್ಟಿದ್ದಾರೆ. ರೋಮ್‌ನಲ್ಲಿ ಆ ಜಾಗ ಹೇಗೂ ವ್ಯರ್ಥ, ಹೆಸರು ಬರೆದುಕೊಳ್ಳೋಣ ಅಂದುಕೊಂಡರು. ಪ್ರೊಸೆಸರ್ ಅಲ್ಲಿ ಇಣುಕಿದರೆ ಪ್ರಿಂಟರ್ ಕಾಣುತ್ತದೆಯೇ ಹೊರತು ಬ್ಯಾನರ್ಜಿ ಕಾಣುವುದಿಲ್ಲ. ಚಿಪ್ ಕಿತ್ತು ಹೊರಗೆ ಓದಿದವನಿಗೆ ಮಾತ್ರ ದರ್ಶನ.

ಅಂದಹಾಗೆ ಊಳಿಡುವ ರೋಗ ಅದರಿಂದಲೇ ವಾಸಿಯಾಯಿತು. ಚಿಪ್ಪಿನ ಕಾಲುಗಳು ಕಪ್ಪಾಗಿದ್ದವು, ಒರೆಸಿ ವಾಪಸ್ ಸಿಕ್ಕಿಸಿದ ಮೇಲೆ ಎರಡು ಸ್ವರ ಕೇಳಿಸಿತು. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಬಂತು.

ಸರಿ, ಬ್ರಿಟಿಷರ ಟಿವಿ ಕಂಪ್ಯೂಟರಿಗೆ ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಏನು ಕೆಲಸ? ಅದು 'ಕ್ಲಾಸ್' ಯೋಜನೆಯ ಕಥೆ. ಕಂಪ್ಯೂಟರ್ ಲಿಟರಸಿ ಆ್ಯಂಡ್ ಸ್ಟಡೀಸ್ ಇನ್ ಸ್ಕೂಲ್ಸ್ ಅನ್ನುವುದರ ಹ್ರಸ್ವರೂಪ. ಕೇಂದ್ರ ಸರ್ಕಾರ 1984ರಲ್ಲಿ ಶುರು ಮಾಡಿ ಮೊದಲು ದೇಶದ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಈ ಬಿಬಿಸಿ ಮೈಕ್ರೋಗಳನ್ನೇ. ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿದ್ದು ಅದೇ ವರ್ಷದ ನವೆಂಬರ್, ನನ್ನ ಬೋರ್ಡಿನ ಅತಿ ಹೊಸ ಚಿಪ್ ಹುಟ್ಟಿದ ತಿಂಗಳು. ಚಂಡೀಗಢದ ಪಕ್ಕದ ಮೊಹಾಲಿಯಲ್ಲಿ ಸರ್ಕಾರದ್ದೇ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಅಂತ ಚಿಪ್ ಕಾರ್ಖಾನೆ ಇತ್ತಲ್ಲ, ಅವರೂ 'ಯೂನಿಕಾರ್ನ್' ಹೆಸರಿನಲ್ಲಿ ಇದನ್ನು ಹೊರತಂದರು. (ಯೂನಿಕಾರ್ನ್ ಅಂದ್ರೆ ಕೋರಮಂಗಲದ ಸ್ಟಾರ್ಟಪ್ ಅಲ್ಲದ ಕಾಲ.) ಆ ಕಾರ್ಖಾನೆಗೆ 1989ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ದೇಶದ ಚಿಪ್ ಕನಸು ಎಷ್ಟೋ ವರ್ಷ ಹಿಂದೆ ಬಿತ್ತು ಅಂತ ಈಗಲೂ ಜನ ಹೇಳಿಕೊಳ್ಳುತ್ತಾರೆ.

ಇದನ್ನೆಲ್ಲ ಓದುತ್ತಾ ಹೋದಾಗ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಒಂದು ಸಾಲು ಸಿಕ್ಕಿತು. ಭಾರತದಲ್ಲಿ ಹೋಪ್ ಕಂಪ್ಯೂಟರ್ಸ್ ಅನ್ನುವ ಇನ್ನೊಂದು ಕಂಪನಿಯೂ ಬಿಬಿಸಿ ಮೈಕ್ರೋದ ನಕಲು ತಯಾರಿಸಿತ್ತು. ಹೆಸರು 'ಡಾಲ್ಫಿನ್'. ಮೂಲ ಬಿಬಿಸಿ ಮೈಕ್ರೋಗೂ ಇದಕ್ಕೂ ಮೇಲ್ನೋಟಕ್ಕೇ ಗುರುತಿಸಬಹುದಾದ ವ್ಯತ್ಯಾಸ: ಫಂಕ್ಷನ್ ಕೀಗಳು ಕೆಂಪಲ್ಲ, ನೀಲಿ.

ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ. ಕೆಂಪು ಕೀಗಳ ಬಿಬಿಸಿ ಮೈಕ್ರೋ ಇಂಗ್ಲೆಂಡಿನ ಎಷ್ಟೋ ಅಟ್ಟಗಳಲ್ಲಿ ಇವತ್ತೂ ಇದೆ, ಅದರ ಸರ್ಕ್ಯೂಟ್ ನಕ್ಷೆ, ಮ್ಯಾನುಯಲ್, ಅಭಿಮಾನಿಗಳ ಸಂಘ ಎಲ್ಲ ಇವೆ. ನಾನು ಐನೂರು ಕೊಟ್ಟು ತಂದದ್ದು ಅದನ್ನು. ನಾನೂರು ಉಳಿಸಲು, ಭಾರ ಹೊರುವ ಸೋಮಾರಿತನಕ್ಕೆ, ಬಿಟ್ಟು ಬಂದದ್ದು ನಮ್ಮವರೇ ಮಾಡಿದ್ದನ್ನು. ಯಾರೋ ಕೀ ಬದಲಿಸಿದ್ದಾರೆ ಅಂತ ತೀರ್ಪು ಕೊಟ್ಟವನು ನಾನೇ. ಹತ್ತಕ್ಕೆ ಹತ್ತೂ ಒಂದೇ ಬಣ್ಣದ, ಒಂದೇ ಅಳತೆಯ, ಎಲ್ಲದರ ಮೇಲೂ ಸರಿಯಾದ ಅಕ್ಷರವಿರುವ ಕೀಗಳನ್ನು ಯಾವ ಪುಣ್ಯಾತ್ಮ ಕೂತು ಬದಲಿಸುತ್ತಾನೆ? ಇಷ್ಟು ಯೋಚಿಸಲು ಅಂಗಡಿಯಲ್ಲಿ ಎರಡು ನಿಮಿಷ ಸಾಕಿತ್ತು.

ಬೆಳಿಗ್ಗೆ ಆಫೀಸಿಗೆ ಲೇಟು ಅಂತ ಮೆಸೇಜ್ ಹಾಕಿ ಎಸ್.ಪಿ. ರೋಡಿಗೆ ಓಡಿದೆ. ಆ ಶನಿವಾರಕ್ಕೆ ಹದಿನೆಂಟು ದಿನ ಆಗಿತ್ತು. ಅಂಗಡಿಯವರಿಗೆ ನನ್ನ ನೆನಪಿತ್ತು. "ಅದಾ? ಹೋಯ್ತಲ್ಲ ಸಾರ್. ಬೋರ್ಡ್ ಮಾಲಿನ ಜೊತೆ ಹಾಕ್ಬಿಟ್ವಿ. ನೀವೇ ತಾನೆ ಬೇಡ ಅಂದಿದ್ದು?" ಎಲ್ಲಿಗೆ ಹೋಯಿತು ಅಂತ ಕೇಳಿದೆ. ಕೈ ಬೀಸಿ ಊರಿನ ಹೊರಗಿನ ದಿಕ್ಕು ತೋರಿಸಿದರು. ಬೋರ್ಡುಗಳನ್ನು ಒಡೆದು ಚಿನ್ನ, ತಾಮ್ರ ಬೇರೆ ಮಾಡುವವರ ಹತ್ತಿರ. ಮೂಲೆಯಲ್ಲಿ ಪ್ಲಾಸ್ಟಿಕ್ ರಾಶಿ ಇತ್ತು. ಅವರ ಅಪ್ಪಣೆ ಕೇಳಿ ಅರ್ಧ ಗಂಟೆ ಕೆದಕಿದೆ. ಒಂದೇ ಒಂದು ನೀಲಿ ಕೀ ಸಿಕ್ಕಿತು. ಎಫ್ 7. ದುಡ್ಡು ತಗೊಳ್ಳಲಿಲ್ಲ ಅವರು.

ಇನ್ನು ಪೇಂಟಿನ ಅಕ್ಷರಗಳು. ನನ್ನ ಸಹೋದ್ಯೋಗಿಯೊಬ್ಬರ ಊರಿನ ಮೊದಲಕ್ಷರ ಅದೇ ಆಗಿತ್ತು. ಕೇಳಿದರೆ, "ನಮ್ಮ ದೊಡ್ಡಪ್ಪ ಅಲ್ಲೇ ಫಿಸಿಕ್ಸ್ ಲೆಕ್ಚರರ್ ಆಗಿದ್ರು, ಕಂಪ್ಯೂಟರ್ ರೂಮಿನ ಬೀಗದ ಕೈ ಅವರ ಹತ್ರಾನೇ ಇರ್ತಿತ್ತು" ಅಂದರು. ಈಗ ಅವರು ಮಗಳ ಮನೆ, ವಿಜಯನಗರದಲ್ಲಿ. ಒಂದು ಭಾನುವಾರ ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೆಗೆದುಕೊಂಡು ಹೋದೆ.

ಮೇಷ್ಟ್ರು ಮೊದಲು ಅಡಿಯ ಪೇಂಟ್ ನೋಡಿದರು. "ಇದು ನಮ್ಮ ಅಟೆಂಡರ್ ಬರವಣಿಗೆ ಕಣಪ್ಪ. ಮೇಲೆ ಕಪ್ಪು ಪಟ್ಟಿ ಇತ್ತು, ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಅಂತ. ಹುಡುಗರು ರೇಡಿಯೋ ಅಂದ್ಕೊಂಡಿದ್ರು." ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತಂತೆ, ಕಿಟಕಿಗೆ ದಪ್ಪ ಪರದೆ, ಧೂಳು ಬರಬಾರದು. ಇವರಿಗೆ ತರಬೇತಿ ಆದದ್ದು ಕೆಲವೇ ವಾರ. ಮಕ್ಕಳಿಗೆ ಸರದಿಯ ಮೇಲೆ ಕೂರಿಸುತ್ತಿದ್ದರು, ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಹತ್ತು ನಿಮಿಷ. "ಪರೀಕ್ಷೆಗೆ ಇರ್ಲಿಲ್ಲ ನೋಡಿ, ಪ್ರಿನ್ಸಿಪಾಲರಿಗೆ ಅದು ಕರೆಂಟ್ ಬಿಲ್ಲು ಅಷ್ಟೇ. ನಾನು ಟ್ರಾನ್ಸ್‌ಫರ್ ಆದ್ಮೇಲೆ ಬೀಗ ಹಾಕಿದ್ರು ಅಂತ ಕಾಣುತ್ತೆ." ಜೇಬಿನಿಂದ ನೀಲಿ ಕೀ ತೆಗೆದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ದಲ್ಲ" ಅಂದರು.

ಟಿವಿಗೆ ವೈರ್ ಸಿಕ್ಕಿಸಿ ಆನ್ ಮಾಡಿದೆ. ಎರಡು ಸ್ವರ ಬಂದದ್ದೇ ಅವರು ಕುರ್ಚಿ ಎಳೆದುಕೊಂಡರು. ಎಂಬತ್ತರ ಹತ್ತಿರದ ವಯಸ್ಸು, ಕೈ ಸ್ವಲ್ಪ ನಡುಗುತ್ತಿತ್ತು. ಮೊದಲು ಟೈಪ್ ಮಾಡಿದ್ದು ಸ್ಟಾರ್ ಕೀ ಸೊನ್ನೆ, ಮುಂದೆ 'ಲಿಸ್ಟ್'. ಕೆಂಪು ಕೀಗೆ ಕೆಲಸ ಹಚ್ಚುವ ಆಜ್ಞೆ ಅದು. ಇನ್ನು ಎಫ್ 0 ಒತ್ತಿದರೆ ಸಾಕು, ಪ್ರೋಗ್ರಾಂ ಪಟ್ಟಿ ಬರುತ್ತದೆ. ನಾನು ಅಷ್ಟು ತಿಂಗಳು ಇಟ್ಟುಕೊಂಡಿದ್ದರೂ ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಒಂದೊಂದೇ ಸಾಲು, ಎಸೆದ ಚೆಂಡಿನ ದಾರಿ ಬರೆಯುವ ಪ್ರೋಗ್ರಾಂ. ಕೋನಕ್ಕೆ ಒಂದು ಸಾಲು, ವೇಗಕ್ಕೆ ಒಂದು, ಗುರುತ್ವಕ್ಕೆ 9.8. ಹದಿನಾಲ್ಕನೇ ಸಾಲಿನ ಹೊತ್ತಿಗೆ ಕರೆಂಟ್ ಹೋಯಿತು.

"ಆವಾಗ್ಲೂ ಹಿಂಗೇ" ಅಂತ ನಕ್ಕರು ಮೇಷ್ಟ್ರು. "ಟೇಪ್ ರೆಕಾರ್ಡರ್ ತಂದಿಲ್ವಾ? ಐದೈದು ಸಾಲಿಗೆ ಸೇವ್ ಮಾಡ್ಕೋಬೇಕು. ಮುಂದಿನ ವಾರ ತಗೊಂಡ್ಬಾ."